ಗೋಡೆಯ ಮೇಲಿನ ಪ್ರಶ್ನೆ

“ಬೆಳಿಗ್ಗೆ ಏನು ತಿಂದ್ರಿ? ಚಿಲಕ ಮುಟ್ಬೇಡಿ… ನನ್ನ ಕಡೆ ನೋಡಿ, ಹೇಳಿ!”

ಮಗನಿಗೆ ನೀರು ಕುಡಿಸುತ್ತಿದ್ದವಳ ಕೈ ಅಲ್ಲೇ ನಿಂತಿತು. ದನಿ ಅವಳ ಗಂಡನದೇ. ಆದರೆ ಅವನು ಕೇಳುತ್ತಿದ್ದದ್ದು ಅವಳನ್ನಲ್ಲ!

ಥೀಮ್ ಪಾರ್ಕಿನ ಜಯಂಟ್ ವೀಲ್ ಕರೆಂಟ್ ಹೋಗಿ ನಿಂತುಬಿಟ್ಟಿತ್ತು. ಉಳಿದವರೆಲ್ಲ ತಮ್ಮ ತಮ್ಮ ತೊಟ್ಟಿಲಲ್ಲಿ ತೆಪ್ಪಗೆ ಕೂತಿದ್ದರು. ಕೆಳಗಿನಿಂದ ಎರಡನೆಯ ತೊಟ್ಟಿಲಲ್ಲಿದ್ದ ಹಳದಿ ಅಂಗಿಯ ಹೆಂಗಸು ಮಾತ್ರ ಬಾಗಿಲಿನ ಚಿಲಕ ಎಳೆಯುತ್ತಾ ಕಿರುಚುತ್ತಿದ್ದಳು. ಲಿಫ್ಟ್ ಮೆಕ್ಯಾನಿಕ್ ಆದ ಇವಳ ಗಂಡ ಮಕ್ಕಳ ಕೈ ಬಿಟ್ಟು ಅತ್ತ ಓಡಿದ್ದ.

“ಬ್ರೆಡ್ಡು… ಎರಡು ಮೊಟ್ಟೆ…” ಹಳದಿ ಅಂಗಿಯವಳು ಬಿಕ್ಕಿದಳು.

“ಮೊಟ್ಟೆ ಬೇಯಿಸಿದ್ದೋ, ಹುರಿದಿದ್ದೋ?”

ಅಬ್ಬಾ! ಇವಳಿಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ತಟ್ಟೆಗೆ ಏನು ಬಡಿಸಿದರೂ ತಲೆಯೆತ್ತದೆ ತಿನ್ನುವ ಮನುಷ್ಯ, ಕಂಡವರ ಮನೆ ಮೊಟ್ಟೆಯ ವಿಚಾರಣೆಗೆ ನಿಂತಿದ್ದಾನಲ್ಲ!

ಉರಿ ಬರೀ ಮೊಟ್ಟೆಯದಲ್ಲ. ಒಂಬತ್ತು ವರ್ಷದ ಹಿಂದೆ ಅವಳು ನಾಲ್ಕನೇ ಮಹಡಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಒಳಗೆ ಕತ್ತಲು, ಅವಳೊಬ್ಬಳೇ. ಆಗ ಬಾಗಿಲಾಚೆಯಿಂದ ಒಂದು ದನಿ ಬಂದಿತ್ತು… ‘ಬೆಳಿಗ್ಗೆ ಏನು ತಿಂದ್ರಿ?’ ನಲವತ್ತು ನಿಮಿಷ ಆ ದನಿಯನ್ನೇ ಹಿಡಿದುಕೊಂಡು ಕೂತಿದ್ದಳು. ನಡುವೆ ಒಮ್ಮೆ ಅದು ಸುಮ್ಮನಾದಾಗ, ಹೋಗಿಯೇ ಬಿಟ್ಟರೇನೋ ಎಂದು ಎದೆ ಝಲ್ಲೆಂದಿತ್ತು. ಬಾಗಿಲು ತೆರೆದು ಮುಖ ಕಾಣುವ ಮೊದಲೇ ಅವಳು ಮನಸ್ಸು ಕೊಟ್ಟಾಗಿತ್ತು.

ಎಷ್ಟು ಜಗಳವಾದರೂ ಆ ಪ್ರಶ್ನೆಯನ್ನು ನೆನೆದು ಅವನನ್ನು ಕ್ಷಮಿಸಿಬಿಡುತ್ತಿದ್ದಳು. ಅದು ತನಗಾಗಿಯೇ ಅವನ ಬಾಯಲ್ಲಿ ಹುಟ್ಟಿದ ಮಾತು ಎಂಬ ಹೆಮ್ಮೆ ಅವಳದು.

ಈಗ ನೋಡಿದರೆ… ಎರಡು ಮೊಟ್ಟೆ!

ಕರೆಂಟ್ ಬಂತು, ಚಕ್ರ ತಿರುಗಿತು. ಹಳದಿ ಅಂಗಿಯವಳು ಇಳಿದವಳೇ ಅವನ ಎರಡೂ ಕೈ ಹಿಡಿದುಕೊಂಡಳು. “ನೀವಿಲ್ದಿದ್ರೆ ಹಾರಿಬಿಡ್ತಿದ್ದೆ!”

ಅವನು ನಕ್ಕ. ಆ ನಗು ಮನೆಯಿಂದಾಚೆಗೂ ಖರ್ಚಾಗುತ್ತದೆಂದು ಇವಳಿಗೆ ಗೊತ್ತೇ ಇರಲಿಲ್ಲ.

“ಅಮ್ಮಾ, ಅಪ್ಪ ಎಲ್ರಿಗೂ ಇದನ್ನೇ ಕೇಳೋದು,” ಎಂದಳು ಏಳು ವರ್ಷದ ಪುಟ್ಟಿ, ಬಲು ತಿಳಿದವಳಂತೆ. “ರಜೇಲಿ ಅಪ್ಪನ ಆಫೀಸಿಗೆ ಹೋಗಿದ್ನಲ್ಲ, ಅಲ್ಲಿ ಗೋಡೆ ಮೇಲೆ ಬರೆದು ಅಂಟ್ಸಿದಾರೆ. ಲಿಫ್ಟಲ್ಲಿ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ, ಮೊದಲು ಏನು ತಿಂದ್ರಿ ಅಂತ ಕೇಳ್ಬೇಕಂತೆ!”

ಗೋಡೆಯ ಮೇಲೆ!

ಒಬ್ಬಳಾಗಿದ್ದರೆ ಹೇಗೋ ಸಹಿಸಬಹುದಿತ್ತು. ಊರಿನ ಲಿಫ್ಟುಗಳಲ್ಲಿ ಸಿಕ್ಕಿಕೊಂಡವರೆಲ್ಲ ಒಟ್ಟಿಗೇ ಸವತಿಯರಾಗಿ ಎದುರು ನಿಂತಂತಾಯಿತು. *ಹಾಗಾದ್ರೆ ನನಗೋಸ್ಕರ ಅಂತ ಇವರ ಹತ್ತಿರ ಏನೂ ಇರ್ಲೇ ಇಲ್ವಾ? ಬರೀ ಡ್ಯೂಟಿಯನ್ನ ಪ್ರೀತಿ ಅಂದುಕೊಂಡು ಕಟ್ಟಿಕೊಂಡೆನಾ?* ಕಣ್ಣು ತುಂಬಿ ಬಂತು.

ಮಧ್ಯಾಹ್ನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದಳು. ಮಕ್ಕಳಿಗೆ ಕೊಟ್ಟಳು, ತಾನೂ ತಿಂದಳು. ಗಂಡನ ಪಾಲಿನ ಸ್ಯಾಂಡ್‌ವಿಚ್ ಅನ್ನು ನಾಲ್ಕು ವರ್ಷದ ಗುಂಡನ ಕೈಗಿಟ್ಟಳು.

“ಅಮ್ಮ, ಹೊಟ್ಟೆ ತುಂಬ್ತು…”

“ತಿನ್ನು!”

“ನನಗೆ ಇಲ್ವಾ?” ಪಾಪ, ಗಂಡ ಮೆಲ್ಲಗೆ ಕೇಳಿದ.

“ಅವಳನ್ನೇ ಕೇಳಿ. ಎರಡೆರಡು ಮೊಟ್ಟೆ ತಿನ್ನೋರು, ನಿಮಗೊಂದು ಕೊಡದೇ ಇರ್ತಾರಾ?”

ಅವನು ನಕ್ಕುಬಿಟ್ಟ. ನಗಬಾರದಿತ್ತು. ಅವಳು ಮುಖ ಊದಿಸಿಕೊಂಡು, ಗುಂಡ ಅರ್ಧಕ್ಕೆ ಬಿಟ್ಟಿದ್ದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಮಕ್ಕಳು ಆಟದ ರೈಲು ಹತ್ತಿದರು. ಗಂಡ ಹೆಂಡತಿ ಹೊರಗೆ ಕಂಬಿ ಹಿಡಿದು ನಿಂತರು, ನಡುವೆ ಇನ್ನಿಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.

“ಏನಾಯ್ತೇ?”

“ಗೋಡೆ ಮೇಲೆ ಬರೆದಿದ್ದನ್ನ ಓದಿ ನನ್ನ ಮದುವೆ ಆದ್ರಲ್ಲ, ಅದಾಯ್ತು!”

ರೈಲು ಬಂತು. “ಅಮ್ಮಾ! ಅಪ್ಪಾ!” ಮಕ್ಕಳಿಬ್ಬರೂ ಹಲ್ಲು ಕಿರಿದು ಕೈ ಬೀಸಿದರು. ರೈಲು ಹೋದದ್ದೇ ಅವಳ ದನಿ ಒಡೆಯಿತು.

“ಒಂಬತ್ತು ವರ್ಷ ರೀ… ಆ ಮಾತು ನಂದು ಅಂದ್ಕೊಂಡಿದ್ದೆ. ಊರೋರಿಗೆಲ್ಲ ಹಂಚೋದು ಅಂತ ಒಂದು ದಿನವಾದ್ರೂ ಹೇಳಬಾರದಿತ್ತಾ?”

ಅವನ ನಗು ಅಳಿಸಿಹೋಯಿತು. “ಹೇಳಿದ್ರೆ ನಿನ್ನ ಮುಖ ಹಿಂಗಾಗುತ್ತೆ ಅಂತ ಹೆದರಿಕೆ ಆಯ್ತು ಕಣೇ. ಹೌದು, ಆ ಪ್ರಶ್ನೆ ಗೋಡೆದೇ. ತಿಂದಿದ್ದನ್ನ ನೆನಪು ಮಾಡ್ಕೊಳ್ತಾ ಇದ್ರೆ ಜನ ಹೆದರೋದು ಮರೀತಾರೆ. ನೂರಾರು ಜನಕ್ಕೆ ಕೇಳಿದ್ದೀನಿ. ಬಾಗಿಲು ತೆಗೆದ ಮೇಲೆ ಅವರು ತಿಂದಿದ್ದೂ ನೆನಪಿರಲ್ಲ, ಅವರ ಮುಖವೂ ನೆನಪಿರಲ್ಲ.”

“ಮತ್ತೆ ನಾನು?”

“ಆವತ್ತು ಮಧ್ಯದಲ್ಲಿ ನಾನು ಸುಮ್ನಾಗಿಬಿಟ್ಟೆ. ನೆನಪಿದ್ಯಾ?”

ಅವಳು ತಲೆಯಾಡಿಸಿದಳು. ಮರೆಯುವುದುಂಟೇ!

“ಅದಕ್ಕೆ ಮುಂಚೆ ನೀನೇನಂದೆ?”

ಅದು ಅವಳಿಗೆ ನೆನಪಿರಲಿಲ್ಲ.

“ಕತ್ತಲಲ್ಲಿ ಗೋಳೋ ಅಂತ ಅಳ್ತಿದ್ದೋಳು, ತಕ್ಷಣ ಅಳು ನಿಲ್ಲಿಸಿ ‘ನೀವು ತಿಂದ್ರಾ?’ ಅಂದೆ. ಆವತ್ತಿಗೂ, ಈವತ್ತಿಗೂ, ಹಾಗೆ ತಿರುಗಿಸಿ ಕೇಳಿದೋಳು ನೀನೊಬ್ಬಳೇ. ಅದಕ್ಕೆ ಏನು ಹೇಳ್ಬೇಕು ಅಂತ ಗೋಡೆ ಮೇಲೆ ಬರೆದಿರ್ಲಿಲ್ಲ ಕಣೇ… ಬಾಗಿಲಿಗೆ ಒರಗಿ ಹಾಗೇ ಕೂತುಬಿಟ್ಟೆ. ಈ ದನಿ ದಿನಾ ಮನೇಲಿ ಕೇಳಿಸಿದ್ರೆ ಸಾಕು ಅನ್ನಿಸ್ತು.”

ರೈಲು ಮತ್ತೆ ಬಂತು. ಈ ಸಲ ಅವಳಿಗೆ ಮಕ್ಕಳು ಮಂಜುಮಂಜಾಗಿ ಕಂಡರು. ಕೈ ಬೀಸುವುದನ್ನೂ ಮರೆತಳು.

ರೈಲು ತಿರುವಿನಾಚೆ ಹೋಯಿತು. ಅವಳು ನಡುವಿನ ಜಾಗ ದಾಟಿ ಬಂದು ಅವನ ತೋಳಿಗೆ ತೋಳು ತಾಗಿಸಿ ನಿಂತಳು. ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಗುಂಡನ ಹಲ್ಲಿನ ಗುರುತಿದ್ದ ಅರ್ಧ ಸ್ಯಾಂಡ್‌ವಿಚ್ ಇತ್ತು.

“ರೀ…”

“ಹ್ಞೂಂ?”

“ತಿಂದ್ರಾ?”

“ಎಲ್ಲಿ ತಿಂದೆ? ನೀನು ಕೇಳ್ಲಿ ಅಂತ ಕಾಯ್ತಿದ್ದೆ.”