ಕಾಕಾ ಗಾಡಿ ಹೊಡೀತಿದ್ದ

೨೦೨೪ರ ನವೆಂಬರ್ ೨೩, ಶನಿವಾರ, ಮಧ್ಯಾಹ್ನ ಮೂರೂವರೆ. ಕುಕನೂರು ಠಾಣೆಯ ಇನ್‌ಸ್ಪೆಕ್ಟರ್ ಯಮನೂರಪ್ಪ ಹೊಲದ ಬದುವಿನ ಜಗಳವೊಂದನ್ನು ಆಗಷ್ಟೇ ಬಗೆಹರಿಸಿದ್ದರು. ಅದು ಬಗೆಹರಿದಿಲ್ಲ, ಹದಿನೈದು ದಿನಕ್ಕೆ ಇಬ್ಬರೂ ಮತ್ತೆ ಬರುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಮುಚ್ಚಳಿಕೆ ಬರೆಸಿಕೊಂಡು, ತಣ್ಣಗಾದ ಚಹಾಕ್ಕೆ ಕೈ ಚಾಚಿದರು. ಅಷ್ಟರಲ್ಲಿ ತಳಕಲ್ಲಿನ ಮರ್ದಾನಸಾಬ ಟೋಪಿಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದ. ಗಾದಿ ಹೊಲಿಯುವ ಮುದುಕ. ಅಂಗಿಯ ತೋಳಿಗೆ ಇನ್ನೂ ಅರಳೆ ಅಂಟಿತ್ತು.

"ಮೊಮ್ಮಗ ತೀರ್ಕೊಂಡಾನ್ರಿ ಸಾಹೇಬ್ರ. ಯೂಸುಫ. ಎಂಟು ವರ್ಷದಾಂವ. ಸಾಲಿ ಬಿಟ್ಟು ಬರುವಾಗ ಟಂಟಂ ಹಳ್ಳಕ್ಕ ಬಿದ್ದೈತಿ."

"ಎಲ್ಲಿ?"

"ಹಳೇ ಬಂಡಿದಾರಿ ಐತಲ್ರಿ, ಅಲ್ಲಿ ಸಣ್ಣ ಸೇತುವಿ ಕಡಿ. ಕೊಪ್ಪಳ ದವಾಖಾನಿಗೆ ಒಯ್ಯೂದ್ರಾಗ ಹೋಗಿಬಿಟ್ಟ."

"ಗಾಡಿ ಯಾರು ಹೊಡೀತಿದ್ರು?"

"ಬಾಜೂ ಮನಿ ದುರುಗಪ್ಪನ ಸಣ್ಣ ಮಗ, ಹನಮೇಶ. ಗಾಡಿ ಅವಂದ. ಅಂವಾನೂ ನನ್ನ ಸಂಗಾಟ ಬಂದಾನ್ರಿ, ಹೊರಗ ನಿಂತಾನ."

ಆರೋಪಿಯನ್ನು ಫಿರ್ಯಾದುದಾರನೇ ಕರೆದುಕೊಂಡು ಬಂದಿದ್ದ. ಯಮನೂರಪ್ಪ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇದನ್ನು ಎರಡೋ ಮೂರೋ ಸಲ ಕಂಡಿದ್ದರು. ನೆರೆಹೊರೆಯವರ ನಡುವಿನ ಕೇಸುಗಳು ಮೊದಲು ಹೀಗೆಯೇ ಮೆತ್ತಗಿರುತ್ತವೆ.

ಹನಮೇಶನಿಗೆ ಇಪ್ಪತ್ತಾರು ವರ್ಷ, ಮದುವೆಯಾಗಿಲ್ಲ. ಮೂರು ಗಾಲಿಯ ಟಂಟಂ ಓಡಿಸಿ ಹೊಟ್ಟೆ ಹೊರೆಯುತ್ತಾನೆ. ಗಾಡಿಯಲ್ಲಿ ಇದ್ದವರು ಇಬ್ಬರು ಮಕ್ಕಳು: ಯೂಸುಫ, ಮತ್ತು ಹನಮೇಶನ ಅಣ್ಣ ಗೋವಿಂದರಾಜನ ಮಗಳು ದೀಪಿಕಾ, ಏಳು ವರ್ಷ. ದೀಪಿಕಾಳ ಎಡಗೈ ಮುರಿದಿದೆ. ಹೆಡ್ ಕಾನ್‌ಸ್ಟೆಬಲ್ ಮಕ್ಬುಲಸಾಬ ಉಸಿರು ಪರೀಕ್ಷೆಯ ಯಂತ್ರ ಹಿಡಿದಾಗ ಸೊನ್ನೆ ತೋರಿಸಿತು. ಬೀಡಿಯನ್ನೂ ಮುಟ್ಟದ ಹುಡುಗ ಎಂದು ಮರ್ದಾನಸಾಬನೇ ಹೇಳಿದ.

"ಹೆಂಗ ಬಿತ್ತು?"

"ನಾಯಿ ಅಡ್ಡ ಬಂತ್ರಿ."

"ಡಾಂಬರ ರಸ್ತಾ ಬಿಟ್ಟು ಬಂಡಿದಾರಿ ಯಾಕ ಹಿಡದಿ?"

"ಸಮೀಪ ಆಗ್ತದಂತ್ರಿ."

ಸಂಜೆ ೪.೧೫ಕ್ಕೆ ಎಫ್ಐಆರ್ ದಾಖಲಾಯಿತು. ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು. ಠಾಣೆಯಲ್ಲೇ ಜಾಮೀನು ಸಿಗುವ ಕಲಮುಗಳು. ಐದು ಗಂಟೆಗೆ ಸ್ಥಳ ಪಂಚನಾಮೆ. ಇಬ್ಬರು ಪಂಚರ ಎದುರಿಗೆ ಟಂಟಂ ಎತ್ತಿಸಿದಾಗ ಚಾಲಕನ ಸೀಟಿನ ಕೆಳಗೆ ತೊಂಬತ್ತು ಎಂಎಲ್‌ನ ಎರಡು ಖಾಲಿ ಮದ್ಯದ ಪಾಕೀಟು ಸಿಕ್ಕವು. ಯಾರೋ ಪ್ಯಾಸೆಂಜರ್ ಬಿಟ್ಟು ಹೋಗಿರಬೇಕು ಎಂದ ಹನಮೇಶ. ಯಮನೂರಪ್ಪ ಪಾಕೀಟುಗಳನ್ನು ಸೀಲು ಮಾಡಿಸಿದರು. ಅವರಿಗೆ ಸಮಾಧಾನವಿರಲಿಲ್ಲ. ಆದರೆ ಸಮಾಧಾನವಿಲ್ಲದೆ ಮುಗಿಸಿದ ಕೇಸುಗಳ ಫೈಲುಗಳು ಅವರ ಕಪಾಟಿನಲ್ಲಿ ಬೇಕಾದಷ್ಟಿದ್ದವು.

ಸೋಮವಾರ ಮುಂಜಾನೆ ಕಾನ್‌ಸ್ಟೆಬಲ್ ರೇಣುಕಮ್ಮ ಸಮವಸ್ತ್ರ ಬಿಟ್ಟು, ಸೀರೆಯುಟ್ಟು ತಳಕಲ್ಲಿಗೆ ಹೋಗಿ, ಅಜ್ಜಿ ಹಂಪವ್ವನ ಪಕ್ಕದಲ್ಲಿ ಕೂಡಿಸಿಕೊಂಡು ದೀಪಿಕಾಳ ಹೇಳಿಕೆ ಬರೆದುಕೊಂಡು ಬಂದಳು. ಹೇಳಿಕೆ ನಾಲ್ಕು ಸಾಲಿನದು. 'ಸದರಿ ವಾಹನವನ್ನು ನನ್ನ ಚಿಕ್ಕಪ್ಪ ಚಲಾಯಿಸುತ್ತಿದ್ದರು' ಎಂದಿತ್ತು. ಇಡೀ ಪ್ರಕರಣದಲ್ಲಿ ಕಣ್ಣಾರೆ ಕಂಡವಳು ಆ ಮಗು ಒಬ್ಬಳೇ. ಅವಳೂ ಹಾಗೇ ಅಂದಮೇಲೆ ಇನ್ನೇನು? ದೋಷಾರೋಪ ಪಟ್ಟಿಗೆ ಕಾಗದ ಜೋಡಿಸಲು ಮಕ್ಬುಲಸಾಬನಿಗೆ ಹೇಳಿದರು.

ಮಂಗಳವಾರ, ೨೬ನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ಹನಮೇಶನಿಗೆ ನೋಟೀಸು ಕೊಡಲು ಇನ್‌ಸ್ಪೆಕ್ಟರ್ ತಾವೇ ಹೊರಟರು. ಇಟಗಿ ಬಂದೋಬಸ್ತಿಗೆ ಹೋಗುವುದಿತ್ತು, ತಳಕಲ್ ದಾರಿಯಲ್ಲೇ. ದುರುಗಪ್ಪನ ಮನೆಯ ಕಟ್ಟೆಯ ಮೇಲೆ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ದೀಪಿಕಾ ಕೂತಿದ್ದಳು. ಜೀಪು ನೋಡಿ ಒಳಗೆ ಮುಖ ಮಾಡಿ ಕೂಗಿದಳು:

"ಕಾಕಾ! ಪೊಲೀಸ್ರು ಬಂದಾರ!"

ಹೊರಗೆ ಬಂದವನು ಹನಮೇಶನಲ್ಲ. ಅವಳ ತಂದೆ, ನಲವತ್ತರ ಆಸುಪಾಸಿನ ಗೋವಿಂದರಾಜ, ಗದ್ದದ ಮೇಲೆ ಬಿಳಿ ಪಟ್ಟಿ. ಸಾರಿಗೆ ಬಸ್ಸಿನ ಚಾಲಕ.

ಯಮನೂರಪ್ಪ ಬಾಗಿಲಲ್ಲಿ ನಿಂತಿದ್ದ ಹಂಪವ್ವನ ಕಡೆ ತಿರುಗಿದರು. "ಅಲ್ಲಬೇ ಯವ್ವಾ, ಕೂಸು ಅವರಪ್ಪಗ ಕಾಕಾ ಅಂತೈತೇನು?"

ಮುದುಕಿ ನಕ್ಕಳು. "ಹೂನ್ರೀ. ಹಿರೇ ಮಗನ ಮಕ್ಕಳು ಕಾಕಾ ಕಾಕಾ ಅಂತಿದ್ವು, ಅದನ್ನ ಕೇಳಿ ಕೇಳಿ ಇಕಿನೂ ಹಂಗ ಕಲತಾಳ. ಹೊಡದು ಹೇಳಿದ್ರೂ ಅಪ್ಪಾ ಅನ್ನವಲ್ಲಳು."

"ಹನಮೇಶಗ ಏನಂತಾಳ?"

"ಸಣ್ಕಾಕಾ ಅಂತಾ..." ಎಂದವಳು ನಡುವೆಯೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೋವಿಂದರಾಜ ನೆಲ ನೋಡುತ್ತಿದ್ದ.

ಇನ್‌ಸ್ಪೆಕ್ಟರ್ ನೋಟೀಸು ಕೊಡದೆ ಹಿಂದಿರುಗಿದರು. ಅವರಿಗೆ ತಮ್ಮ ಮೇಲೇ ಸಿಟ್ಟು ಬಂದಿತ್ತು. ಕುಷ್ಟಗಿ ಸೀಮೆಯ ತುಂಬಿದ ಮನೆಯಲ್ಲಿ ಹುಟ್ಟಿ, ಹೆತ್ತ ತಂದೆಯನ್ನು ಕೊನೆಯವರೆಗೂ 'ಅಣ್ಣಾ' ಎಂದೇ ಕರೆದವರು ಅವರು. ಠಾಣೆಗೆ ಬಂದವರೇ ರೇಣುಕಮ್ಮನನ್ನು ಕರೆದರು.

"ಕೂಸು ನಿನ್ನ ಮುಂದ ಖರೇ ಏನಂತು? ಅಂದದ್ದು ಅಂದಂಗ ಹೇಳು."

"ಕಾಕಾ ಗಾಡಿ ಹೊಡೀತಿದ್ದ ಅಂತು ಸರ್. ಕಾಗದದಾಗ ಛಲೋ ಇರ್ಲಿ ಅಂತ ನಾ ಚಿಕ್ಕಪ್ಪ ಅಂತ ಬರದೆ."

"ಭಾಳ ಛಲೋ ಬರದೀ ತಾಯಿ. ಪುಸ್ತಕದಾಗಿನ ಕನ್ನಡ."

ರೇಣುಕಮ್ಮನ ಕಣ್ಣು ತುಂಬಿದವು. ಗದರಿಸುವಷ್ಟು ತ್ರಾಣ ಇನ್‌ಸ್ಪೆಕ್ಟರಿಗೂ ಇರಲಿಲ್ಲ, ತಪ್ಪು ಅವಳೊಬ್ಬಳದೂ ಆಗಿರಲಿಲ್ಲ. ಅವರು ಖಾಲಿ ಹಾಳೆಯೊಂದನ್ನು ಎಳೆದುಕೊಂಡು ಮೊದಲಿನಿಂದ ಬರೆಯತೊಡಗಿದರು.

ಮುಂದಿನ ಎರಡು ದಿನ ಓಡಾಟ. ಕುಕನೂರಿನ ಕಟಿಂಗ್ ಅಂಗಡಿಯವನು ಹೇಳಿದ: ಶನಿವಾರ ಮಧ್ಯಾಹ್ನ ಹನಮೇಶ ಗಡ್ಡಕ್ಕೆ ಕೂತಿದ್ದ, ಫೋನು ಬಂತು, ಮುಖದ ಸೋಪು ಒರೆಸಿಕೊಂಡು ಯಾರದೋ ಬೈಕು ಇಸಿದುಕೊಂಡು ಓಡಿದ. ಮದ್ಯದಂಗಡಿಯ ಕ್ಯಾಮೆರಾದಲ್ಲಿ ೧೧.೧೦ಕ್ಕೆ ಗೋವಿಂದರಾಜ ಕಾಣಿಸಿದ. ಕೊಪ್ಪಳದಲ್ಲಿ ಅವನ ಗದ್ದಕ್ಕೆ ಹೊಲಿಗೆ ಹಾಕಿದ ವೈದ್ಯರು ಚೀಟಿಯ ಮೇಲೆ 'ಉಸಿರಿನಲ್ಲಿ ಮದ್ಯದ ವಾಸನೆ' ಎಂದು ಬರೆದಿದ್ದರು. ಗಾಡಿಯಲ್ಲಿ ಹಿಂದೆ ಕೂತಿದ್ದೆ ಎಂದು ಅವನು ಅಲ್ಲಿ ಹೇಳಿದ್ದರಿಂದ ಯಾರೂ ರಕ್ತ ತೆಗೆದಿರಲಿಲ್ಲ; ಠಾಣೆಯಲ್ಲಿ ಅವನು ಗಾಡಿಯಲ್ಲಿದ್ದ ಮಾತೇ ಯಾರೂ ಎತ್ತಿರಲಿಲ್ಲ. ಗುರುವಾರ ಯಲಬುರ್ಗಾ ನ್ಯಾಯಾಧೀಶರ ಎದುರು ದೀಪಿಕಾ ಮತ್ತೆ ಹೇಳಿಕೆ ಕೊಟ್ಟಳು. ಈ ಸಲ ಅವಳು ಆಡಿದ ಮಾತನ್ನೇ ಬರೆದುಕೊಂಡರು.

ಅದೇ ಸಂಜೆ ಫೋನು ಕರೆಗಳ ವಿವರ ಬಂತು. ಮಕ್ಬುಲಸಾಬ ಓದಿದ, ಯಮನೂರಪ್ಪ ಬರೆದುಕೊಂಡರು. ೧೨.೦೮ಕ್ಕೆ ಗೋವಿಂದರಾಜನಿಂದ ಹನಮೇಶನಿಗೆ ಕರೆ. ಹನಮೇಶನ ಫೋನಿನಿಂದ ೧೦೮ ಆಂಬುಲೆನ್ಸಿಗೆ ಕರೆ ೧೨.೩೧ಕ್ಕೆ.

"ನಡಕ ಇಪ್ಪತ್ತಮೂರು ನಿಮಿಷ ಐತ್ರಿ ಸರ್," ಎಂದ ಮಕ್ಬುಲಸಾಬ.

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು.

ಶುಕ್ರವಾರ, ೨೯ನೇ ತಾರೀಖು, ಬೆಳಿಗ್ಗೆ ೭.೪೦ಕ್ಕೆ ಗೋವಿಂದರಾಜನ ದಸ್ತಗಿರಿಯಾಯಿತು. ಡ್ಯೂಟಿಗೆ ಹೊರಟು ಖಾಕಿ ತೊಟ್ಟಿದ್ದ. ಅವನ ಹೆಂಡತಿ ದೀಪಿಕಾಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ದುರುಗಪ್ಪ ಮಾತ್ರ ಜೀಪಿನವರೆಗೂ ಬಂದು, ಮಗನ ಊಟದ ಡಬ್ಬಿಯನ್ನು ಕಾನ್‌ಸ್ಟೆಬಲ್ ಕೈಗೆ ಕೊಟ್ಟ.

ಠಾಣೆಯಲ್ಲಿ ಮೊದಲು ಹನಮೇಶನನ್ನು ಕೂಡಿಸಿಕೊಂಡರು. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಅವನೂ ಈಗ ಆರೋಪಿ.

"ಯಾಕ ಒಪ್ಪಿಕೊಂಡಿ?"

"ಅಣ್ಣಗ ನೌಕರಿ ಐತ್ರಿ. ಇಡೀ ಮನಿ ಅದರ ಮ್ಯಾಲ ನಿಂತೈತಿ. ನಾ ಹೆಂಗೂ ಕುಡಿಯಂಗಿಲ್ರಿ. ನಿನ್ನ ಮ್ಯಾಲ ಸಣ್ಣ ಕೇಸ್ ಆಗಿ ಹೋಗ್ತದ ಅಂದ ಅಣ್ಣ."

"ನೀ ಹೋದಾಗ ಹುಡುಗ ಜೀವಂತ ಇದ್ನೇನು?"

ಹನಮೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಇನ್‌ಸ್ಪೆಕ್ಟರ್ ಅವನ ಅಣ್ಣನನ್ನು ಕರೆಸಿದರು.

ಗೋವಿಂದರಾಜ ಬಹಳ ಹೊತ್ತು ಸತಾಯಿಸಲಿಲ್ಲ. ಹದಿನಾಲ್ಕು ವರ್ಷ ಬಸ್ಸು ಓಡಿಸಿದ್ದಾನೆ, ಒಂದು ಗೀರು ಬಿದ್ದಿಲ್ಲ. ಡಿಪೋದಲ್ಲಿ ಉಸಿರು ನೋಡುತ್ತಾರೆಂದು ಡ್ಯೂಟಿಯಲ್ಲಿ ಒಂದು ಹನಿಯೂ ಮುಟ್ಟುವುದಿಲ್ಲ. ಕುಡಿಯುವುದು ವಾರದ ರಜೆಗೆ ಮಾತ್ರ. ಅಂದು ರಜೆ. ಹನಮೇಶ ಗಡ್ಡಕ್ಕೆ ಹೋಗುತ್ತೇನೆಂದಾಗ ಮಕ್ಕಳನ್ನು ತಾನೇ ಕರೆದುಕೊಂಡು ಹೋಗುತ್ತೇನೆಂದ. ಡಾಂಬರ ರಸ್ತೆಯಲ್ಲಿ ಡಿಪೋದವರು ಯಾರಾದರೂ ನೋಡಿಯಾರೆಂದು ಬಂಡಿದಾರಿ ಹಿಡಿದ. ನಾಯಿ ಬಂದಿರಲಿಲ್ಲ. ಸೇತುವೆಯ ಮೇಲೆ ಕಣ್ಣು ಎಳೆದಿತ್ತು.

"ಅರವತ್ತು ಮಂದೀನ್ನ ಕೂಡಿಸಿಕೊಂಡು ಹೊಡಿಯಾಂವ್ರಿ ನಾ. ಟಂಟಂದಾಗ ಎರಡ ಹುಡುಗ್ರು. ಅದೇನ ದೊಡ್ಡದು ಅನಿಸ್ಲೇ ಇಲ್ರಿ."

"೧೦೮ಕ್ಕ ಮೊದಲು ಯಾಕ ಫೋನ್ ಹಚ್ಚಲಿಲ್ಲ?"

"ಅವರು ಬಂದು ನನ್ನ ವಾಸನಿ ಹಿಡದ್ರ ನೌಕರಿ ಹೋಗ್ತಿತ್ರಿ. ಹನಮ್ಯಾ ಬರ್ಲಿ ಅಂತ ಕೂತೆ. ಹುಡುಗಗ ಅಷ್ಟ ಪೆಟ್ಟಾಗೈತಿ ಅಂತ ತಿಳೀಲಿಲ್ಲ. ಮ್ಯಾಲ ರಕ್ತ ಇದ್ದಿದ್ದಿಲ್ರಿ."

ಯಮನೂರಪ್ಪ ಅದನ್ನು ಅವನು ಹೇಳಿದಂತೆಯೇ ಬರೆಸಿದರು. ಕುಡಿದು ಚಾಲನೆ, ಸಾಕ್ಷ್ಯ ನಾಶ, ಕೊಲೆಯಲ್ಲದ ನರಹತ್ಯೆ ಎಂಬ ಹೊಸ ಕಲಮುಗಳನ್ನು ಸೇರಿಸಲು ನ್ಯಾಯಾಲಯಕ್ಕೆ ಪತ್ರ ಹೋಯಿತು. ಇನ್ನು ಜಾಮೀನು ಸಲೀಸಲ್ಲ. ನೌಕರಿಯಂತೂ ಉಳಿಯುವುದಿಲ್ಲ.

ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಮರ್ದಾನಸಾಬನ ಮನೆಗೆ ಹೋದರು. ಫಿರ್ಯಾದುದಾರನಿಗೆ ತನಿಖೆಯ ವಿಷಯ ತಿಳಿಸಬೇಕಾದ್ದು ಕಾನೂನು. ಕಾನ್‌ಸ್ಟೆಬಲ್ ಕೈಯಲ್ಲಿ ಕಾಗದ ಕಳಿಸಬಹುದಿತ್ತು, ಕಳಿಸಲು ಮನಸ್ಸಾಗಲಿಲ್ಲ. ಯೂಸುಫನ ತಾಯಿ ಸಬೀನಾ ಗೋಡೆಗೆ ಒರಗಿ ಕೂತಿದ್ದಳು. ಅವರು ಹೇಳಿದ್ದನ್ನೆಲ್ಲ ಕೇಳಿ, ಒಂದು ಪ್ರಶ್ನೆ ಕೇಳಿದಳು.

"ಆ ಇಪ್ಪತ್ತಮೂರು ನಿಮಿಷದಾಗ ನನ್ನ ಮಗಾ ಮಾತಾಡಿದ್ನೇನ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ನಾಳೆ ಕೋರ್ಟಿನಲ್ಲಿ ಅವಳು ಅದನ್ನು ಹೇಗೂ ಕೇಳಲಿದ್ದಳು.

"ನೀರು ಕೇಳಿದ್ನಂತಮ್ಮಾ."

"ಯಾರರ ಕೊಟ್ರಾ?"

"ದೀಪಿಕಾ ಕೊಟ್ಟಾಳ. ಮುರದ ಕೈಲೆ ಬಾಟ್ಲಿ ಬೂಚು ತಗ್ಯಾಕ ಬರ್ಲಿಲ್ಲಂತ, ಹಲ್ಲಿಲೆ ಕಚ್ಚಿ ತಗದು ಕುಡಿಸ್ಯಾಳ. ಅವರಪ್ಪ ಫೋನಿನ್ಯಾಗ ಇದ್ದ."

ಸಬೀನಾ ಅಳಲಿಲ್ಲ. ನಡುಗೋಡೆಯಾಚೆ ದುರುಗಪ್ಪನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅವಳು ಆ ಕಡೆ ನೋಡಿದಳು.

"ಆ ಕೂಸಿನ್ನ ಕೋರ್ಟಿಗೆ ಕರೀಬ್ಯಾಡ್ರಿ ಸಾಹೇಬ್ರ. ಅವರಪ್ಪನ ಎದುರು ನಿಂದರಿಸಬ್ಯಾಡ್ರಿ."

ಯಮನೂರಪ್ಪ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡರು.

"ಕರೀಬೇಕಾಗ್ತದಮ್ಮಾ," ಎಂದರು. "ನೋಡಿದಾಕಿ ಆಕಿ ಒಬ್ಬಾಕಿನ."