ಅಳಿಸಿದ ಹಾಡಿನ ಕೊನೆಯ ಸಾಲು

"ಆ ಕೈ ಯಾರದು ಅಂತ ಒಂದು ಮಾತು ಹೇಳ್ರಿ ಸಾಕು, ಜಮಾದಾರ್ ಬಾಯಿ. ಮುಂದಿಂದು ನಾ ನೋಡ್ಕೋತೀನಿ. ಮೈಲಾರಲಿಂಗನ ಭಂಡಾರ ಮುಟ್ಟಿ ಆಣಿ ಮಾಡೀನಿ. ನನ್ನ ಹಾಡು ಅಳಿಸಿದ ಕೈ ಮುರೀದ ಬಿಡಂಗಿಲ್ಲ!"

ಬಾಗಿಲಲ್ಲಿ ನಿಂತು ಹೀಗೆ ಗುಡುಗಿದವನು ಕಮಲಾಪುರದ ಹಾಡುಗಾರ ಖಂಡೆಪ್ಪ. ಕಟ್ಟುಮಸ್ತಾದ ಆಳು. ಕಣ್ಣು ಕೆಂಡದಂತಿದ್ದವು. ಅಂಗಿಯ ಎದೆಜೇಬಿನಲ್ಲಿ ಒಂದು ಕ್ಯಾಸೆಟ್ ಇತ್ತು. ಅದರ ಮೇಲೆ ಅರಿಸಿನದ ಭಂಡಾರ ಇನ್ನೂ ಮೆತ್ತಿಕೊಂಡಿತ್ತು.

ಜಾಹೇದಾ ಆಪಾ ಅವಸರ ಮಾಡಲಿಲ್ಲ. "ಮೊದಲು ಕೂಡ್ರಪ್ಪ. ಕೈ ಮುರಿಯೋರಿಗೂ ಚಹಾ ಕುಡಿಯಾಕ ಕೈ ಬೇಕಲ್ಲ" ಎಂದರು.

ಆಪಾ ಪೊಲೀಸ್ ಇಲಾಖೆಯಲ್ಲಿ ಜಮಾದಾರರಾಗಿ ನಿವೃತ್ತರಾದವರು. ಕಲಬುರಗಿಯ ಐವಾನ್-ಎ-ಶಾಹಿಯ ಹಿಂದಿನ ಓಣಿಯಲ್ಲಿ ಅವರ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಬೆಳಿಗ್ಗೆ ಅವರ ನಮಾಜು ಮುಗಿಯುವುದಕ್ಕೂ ನನ್ನ ಲಿಂಗಪೂಜೆ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಆಮೇಲೆ ಇಬ್ಬರೂ ಕೂಡಿ ಚಹಾ ಕುಡಿಯುತ್ತಿದ್ದೆವು. ಠಾಣೆಗೆ ಹೋಗಲು ಹಿಂಜರಿಯುವ ಮಂದಿ ಆ ಹೊತ್ತಿಗೇ ಬರುತ್ತಿದ್ದರು. ಹಾಗಾಗಿ ಆಪಾ ಬಿಡಿಸಿದ ಗಂಟುಗಳಿಗೆಲ್ಲ ಈ ಮಲ್ಕಮ್ಮ ಸಾಕ್ಷಿ. ಇದು ತೊಂಬತ್ತರ ದಶಕದ ಮಾತು. ಸೂಪರ್ ಮಾರ್ಕೆಟ್ಟಿನ ಸಂದಿಸಂದಿಯಲ್ಲೂ ಕ್ಯಾಸೆಟ್ ಕೂಗುತ್ತಿದ್ದ ಕಾಲ.

ಖಂಡೆಪ್ಪ ತಾನೇ ಕಟ್ಟಿ ತಾನೇ ಹಾಡಿದ ಹೊಸ ಹಾಡುಗಳ ಮೊದಲ ಕ್ಯಾಸೆಟ್ ಅದು. ಸೂಪರ್ ಮಾರ್ಕೆಟ್ಟಿನ ಶಬ್ಬೀರನ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮುಗಿಸಿ, ಮೂಲ ಕ್ಯಾಸೆಟ್ಟನ್ನು ಕಮಲಾಪುರಕ್ಕೆ ಒಯ್ದು, ರವಿವಾರ ಮನೆದೇವರ ಜಗಲಿಯ ಮೇಲಿಟ್ಟು ಭಂಡಾರ ಹಚ್ಚಿ ಪೂಜೆ ಮಾಡಿದ್ದ. ನಾಲ್ಕು ಮಂದಿಗೆ ಊಟ ಹಾಕಿದ್ದ. ಮರುದಿನ ಪ್ರತಿ ತೆಗೆಸಲು ಹೈದರಾಬಾದಿಗೆ ಕಳಿಸಬೇಕೆಂದು ಶಬ್ಬೀರನ ಕೈಗೆ ಕೊಟ್ಟ. ಕೊನೆಯ ಸಲ ಎಂದು ಶಬ್ಬೀರ ಹಚ್ಚಿ ನೋಡಿದರೆ ನಡುವಿನ ಒಂದು ಹಾಡೇ ಇರಲಿಲ್ಲ.

"ಅದಽ ಎಲ್ಲಾದಕ್ಕೂ ಮೇಲಿನ ಹಾಡ್ರಿ" ಎಂದ ಖಂಡೆಪ್ಪ. "ಸತ್ತ ಕೂಸಿನ ಹಾಡು. ಕೇಳಿದವರೆಲ್ಲ ಕಣ್ಣೀರು ಹಾಕ್ಯಾರ."

"ಮತ್ತೊಮ್ಮೆ ಹಾಡಿದ್ರ ಆಯ್ತಲ್ಲಪ್ಪ?"

"ನಿನ್ನೆ ಹಾಡಿ ನೋಡ್ದೆ. ಆ ದನಿ ಬರ್ಲೇ ಇಲ್ಲ. ಮಡಿಕಿ ಒಡದಂಗ ಆತು." ಅವನು ಮುಷ್ಟಿ ಬಿಗಿದ. "ಇದು ಢೋಲಕಿ ಅಂಬಣ್ಣನ ಕೆಲಸ. ಕ್ಯಾಸೆಟ್ಟಿನ ಮ್ಯಾಲ ತನ್ನ ಹೆಸರೂ ಬರ್ಬೇಕಂದ. ನಾ ಆಗೂದಿಲ್ಲ ಅಂದೆ. ಜಗತ್ ಸರ್ಕಲ್ಲಿನ ಹೋಟೆಲ್ದಾಗ ಕುಂತು, 'ಖಂಡ್ಯಾನ ಹಾಡು ಹೆಂಗ ಹೊರಗ ಬರ್ತಾವ ನೋಡ್ತೀನಿ' ಅಂದಾನಂತ. ರವಿವಾರ ಊಟಕ್ಕ ಬಂದು ನಮ್ಮ ಕಟ್ಟಿ ಮ್ಯಾಲೆ ಮಲಗ್ಯಾನ. ನೀವು ಹೌದು ಅಂದ್ರ ಇವತ್ತೇ ಅವನ ಕೈ ಉಳಿಯಂಗಿಲ್ಲ."

ನನ್ನ ಮನೆಯ ಟೇಪು ತಂದು ಕ್ಯಾಸೆಟ್ ಹಚ್ಚಿದೆವು. ಮೊದಲ ಹಾಡುಗಳು ಚೆನ್ನಾಗಿದ್ದವು. ಆಮೇಲೆ ಮೌನ. ಪೂರಾ ಮೌನವೂ ಅಲ್ಲ. ಆಪಾ ದನಿ ಏರಿಸಿದರು. ಒಳಗಿನಿಂದ ಮೆಲ್ಲಗೆ, ಬಹಳ ಮೆಲ್ಲಗೆ, ತಟ್... ತಟ್... ಎಂದು ಏನೋ ಬಡಿಯುತ್ತಿತ್ತು.

"ಕೇಳಿದ್ರ್ಯಾ? ತಾಳ! ಬಡಿಯೋನ ಕೈ ಸುಮ್ಮನ ಇರ್ತದೇನು?" ಖಂಡೆಪ್ಪ ಎದ್ದೇಬಿಟ್ಟ.

ಆಪಾ ಅವನ ತೋಳು ಹಿಡಿದು ಕೂಡಿಸಿದರು. ಬಹಳ ಹೊತ್ತಿನ ಮೇಲೆ ಮೌನ ಕಡಿದು, ಒಮ್ಮೆಲೇ ಹಾಡಿನ ಕೊನೆಯ ಸಾಲು ಒಂದೇ ಒಂದು ಸಲ ಕೇಳಿಸಿತು: "ಏಳವ್ವ ನನ ಕಂದ, ಬಿಸಲ ಅಂಗಳಕ ಬಂತು." ಢೋಲಕಿ ಎಲ್ಲೋ ಹಿಂದುಳಿದು ಓಡೋಡಿ ಬಂದು ಸಾಲಿನ ನಡುವೆ ಸೇರಿಕೊಂಡಿತು. ಆಮೇಲೆ ಮುಂದಿನ ಹಾಡು.

ಆ ಸಾಲು ಕೇಳಿ ನಾನು ಟೇಪಿನ ಹತ್ತಿರ ಸರಿದೆ. ಅದು ಗಂಡಸರು ಕಟ್ಟುವ ಮಾತಿನಂತಿರಲಿಲ್ಲ. "ಖಂಡೆಪ್ಪಾ, ನಿನಗ ಮಕ್ಕಳು ಎಷ್ಟಪ್ಪ?" ಎಂದು ಕೇಳಿದೆ.

"ಇಲ್ರಿ ಅವ್ವಾ. ಹೆಂಡತಿ ತೀರಿಕೊಂಡಾಳ. ಮನ್ಯಾಗ ನಾನು, ನನ್ನ ವಿಧವೆ ತಂಗಿ ಭೀಮಬಾಯಿ ಇಬ್ಬರೇ."

"ಪೂಜಿ ಆದಮ್ಯಾಲೆ ಈ ಕ್ಯಾಸೆಟ್ ನಿಮ್ಮ ಮನ್ಯಾಗ ಹಚ್ಚಿದ್ರೇನು?" ಎಂದರು ಆಪಾ.

"ದೇವರ ಮುಂದಿಟ್ಟದ್ದನ್ನ ಯಾಕ ಹಚ್ಚಲಿ? ಜಗಲಿಯಿಂದ ತಗೊಂಡು ಸೀದಾ ಜೇಬಿಗೆ ಹಾಕೊಂಡು ಶಬ್ಬೀರನ ಕೈಗೆ ಕೊಟ್ಟೆ."

ಕ್ಯಾಸೆಟ್ ನಮ್ಮ ಹತ್ತಿರವೇ ಇಟ್ಟುಕೊಂಡು ಖಂಡೆಪ್ಪನನ್ನು ಊರಿಗೆ ಕಳಿಸಿ, "ನಾವು ಬರೋತನಕ ಯಾರ ಕೈನೂ ಮುಟ್ಟಬಾರದು" ಎಂದು ಮಾತು ತೆಗೆದುಕೊಂಡು, ನಾವಿಬ್ಬರೂ ಆಟೋ ಹತ್ತಿದೆವು.

ಶಬ್ಬೀರನ ಸ್ಟುಡಿಯೋ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ಅಂಬಣ್ಣ ಅಲ್ಲಿಯೇ ಒಂದು ಮೂಲೆಯಲ್ಲಿ ಅಡಗಿ ಕೂತಿದ್ದ. ತೆಳ್ಳನೆಯ ಮನುಷ್ಯ. ಎರಡೂ ಕೈಗಳನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡಿದ್ದ.

"ಖಾಲಾ, ಮೈಕು ತೆಗೆದು ಅಳಿಸೋದು ನಮ್ಮ ಮಿಷಿನ್ದಾಗ ಎರಡು ನಿಮಿಷದ ಕೆಲಸ" ಎಂದ ಶಬ್ಬೀರ. "ಹಂಗ ಅಳಿಸಿದ್ರ ಪೂರಾ ಖಾಲಿ ಇರ್ತದ, ಏನೂ ಕೇಳಂಗಿಲ್ಲ. ಇದರಾಗ ತಟ್ ತಟ್ ಅಂತದ. ಅಂದ್ರ ಅಳಿಸೋವಾಗ ಹೊರಗಿನ ಸಪ್ಪಳ ಹಿಡಿಯೋ, ಮೈಕು ಒಳಗೇ ಇರೋ ಮನಿ ಟೇಪು. ಅಂಥಾದ್ದು ನನ್ನ ಅಂಗಡ್ಯಾಗ ಇಲ್ಲ."

ಆಪಾ ಅಂಬಣ್ಣನ ಕಡೆ ತಿರುಗಿದರು. "ಹೋಟೆಲ್ದಾಗ ಏನಂದಿ?"

"ಅಂದೀನ್ರಿ, ಸುಳ್ಳಲ್ಲ. ಸಿಟ್ಟು ಬಂದಿತ್ತು. ಹದಿನೆಂಟು ವರ್ಷ ಅವನ ಹಿಂದ ಬಾರಿಸೀನಿ, ನನ್ನ ಹೆಸರು ಬ್ಯಾಡಂದ." ಅಂಬಣ್ಣ ಶಾಲು ಇನ್ನಷ್ಟು ಬಿಗಿದುಕೊಂಡ. "ಆದ್ರ ಹಾಡು ಅಳಸ್ತೀನೇನ್ರಿ? ಅದರಾಗ ನನ್ನ ಕೈನೂ ಅದ ಅಲ್ರಿ?"

"ಅದೂ ಒಂದು ಕೈ! ಕೊನೀ ಸಾಲಿನಾಗ ದಾರಿ ತಪ್ಪಿ ಓಡಿ ಬರ್ತದ" ಎಂದು ಆಪಾ ಛೇಡಿಸಿದರು.

ಅಂಬಣ್ಣ ಭಯ ಮರೆತು ಶಾಲಿನಿಂದ ಕೈ ಹೊರಗೆ ತೆಗೆದ. "ಅದು ನನ್ನ ತಪ್ಪಲ್ರಿ! ಯಾವಾಗ್ಲೂ ಆ ಸಾಲು ಎರಡು ಸಲ. ಎರಡಕ್ಕ ಮುಗಿಸಿ ನಾ ಕೈ ಎತ್ತಿದೆ. ಅವತ್ತು ಖಂಡೆಪ್ಪಗ ಇಲ್ಲೇ ಏನು ಉಮೇದಿ ಬಂತೋ, ಮೂರನೇ ಸಲ ಎತ್ತಿಬಿಟ್ಟ. ಕಣ್ಣು ಸನ್ನಿ ಇಲ್ಲ, ಏನಿಲ್ಲ. ಓಡಿ ಹಿಡದೆ. ಶಬ್ಬೀರಭಾಯ್ ನಕ್ಕಾನ, ಕೇಳ್ರಿ."

"ಹೌದು, ನಕ್ಕಿದ್ದೆ" ಎಂದ ಶಬ್ಬೀರ.

ಆಪಾ ಎದ್ದು ನಿಂತರು. "ಇಬ್ಬರೂ ನಮ್ಮ ಜೋಡಿ ಕಮಲಾಪುರಕ್ಕ ನಡೀರಿ."

"ನಾನೂ?" ಎಂದು ಅಂಬಣ್ಣ ಮತ್ತೆ ಕೈ ಮುಚ್ಚಿಕೊಂಡ.

"ನೀನೇ ಮೊದಲು."

ಬಸ್ಸಿನಲ್ಲಿ ನಾನು ಕಿಟಕಿಯಲ್ಲಿ ತೊಗರಿಹೊಲ ನೋಡುತ್ತಾ ನಮ್ಮೂರ ಗುಡಿಯ ದೇವರು ಶರಣಪ್ಪನನ್ನು ನೆನೆದೆ. ಸಿಟ್ಟಿನವರ ಮನೆಗೆ ಹೋಗುವಾಗ ಮನಸ್ಸು ತಣ್ಣಗಿರಬೇಕು ಎಂದು ನನ್ನ ಅತ್ತೆ ಹೇಳುತ್ತಿದ್ದರು.

ಖಂಡೆಪ್ಪನ ಮನೆ ಬಾಳೆತೋಟದ ಅಂಚಿಗಿತ್ತು. ಭೀಮಬಾಯಿ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು. ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟಳು. ನಲವತ್ತರ ಹೆಂಗಸು. ಹಣೆ ಬರಿದು, ಮುಖ ಕೆರೆಯ ನೀರಿನಂತೆ ತಣ್ಣಗೆ. ಅಂಬಣ್ಣನನ್ನು ಕಂಡು ಖಂಡೆಪ್ಪ ಮೂಲೆಯ ಬಡಿಗೆಯ ಕಡೆ ನೋಡಿದ. ಆಪಾ ಆ ಬಡಿಗೆ ತಂದು ತಮ್ಮ ಕಾಲ ಬಳಿ ಇಟ್ಟುಕೊಂಡರು.

ಜಗಲಿಯ ಮಗ್ಗುಲಿಗೆ ಒಂದು ಹಳೆಯ ಟೇಪು ಇತ್ತು. "ಭೀಮಬಾಯಿ, ಇದನ್ನ ಹಚ್ಚವ್ವ" ಎಂದು ಆಪಾ ಕ್ಯಾಸೆಟ್ ಕೊಟ್ಟರು. ಅವಳು ಕ್ಯಾಸೆಟ್ಟನ್ನು ಕಣ್ಣೆತ್ತಿ ನೋಡದೆಯೇ ಸರಿಯಾದ ಮಗ್ಗುಲಿಗೆ ಹೊರಳಿಸಿ, ಬೆರಳಲ್ಲಿ ಸಡಿಲ ಸುತ್ತು ಬಿಗಿದು, ಒಳಗಿಟ್ಟಳು.

"ಸ್ವಲ್ಪ ತಡಿ. ಆ ಬಾಗಿಲಾಗ ಹಳದಿ ಏನದು?"

ಟೇಪಿನ ಪುಟ್ಟ ಬಾಗಿಲಿನ ಒಳಗೆ ಅರಿಸಿನದ ಪುಡಿ ಮೆತ್ತಿತ್ತು. ಈಗ ಉದುರಿದ್ದಲ್ಲ. ಒಣಗಿ ಕೂತಿತ್ತು.

"ನೀ ಕಲಬುರಗಿಗೆ ಹಾಡಾಕ ಹೋಗಿದ್ಯೇನವ್ವ?"

"ಇಲ್ರಿ. ಮೊದಲು ಅಣ್ಣನ ಜೋಡಿ ಹಾಡ್ತಿದ್ದೆ. ಎರಡು ವರ್ಷ ಆತು, ಬಿಟ್ಟೀನಿ."

"ಆ ಕೂಸಿನ ಹಾಡಿನ ಕೊನೀ ಸಾಲು ಎಷ್ಟು ಸಲ?"

"ಎರಡು" ಎಂದಳು ಭೀಮಬಾಯಿ.

ಆಪಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎಲ್ಲರನ್ನೂ ನೋಡಿದರು.

"ಖಂಡೆಪ್ಪಾ, ಸಮಾಧಾನದಿಂದ ಕೇಳು. ಅಳಿಸಿದ್ದು ಮನಿ ಟೇಪಿನಾಗ. ಶಬ್ಬೀರನ ಮಿಷಿನ್ದಾಗಲ್ಲ. ಭಂಡಾರ ಹಚ್ಚಿದ ಮ್ಯಾಲೆ ನೀ ಕ್ಯಾಸೆಟ್ ಇಲ್ಲಿ ಹಚ್ಚಿಲ್ಲ ಅಂದಿ. ಆದ್ರ ಭಂಡಾರ ಈ ಟೇಪಿನ ಬಾಗಿಲಾಗ ಅದ. ಅಂದ್ರ ಪೂಜಿ ಆದ ರಾತ್ರಿ, ಇದೇ ಮನ್ಯಾಗ ಕೆಲಸ ಆಗ್ಯದ."

"ಅಂಬಣ್ಣ ಇಲ್ಲೇ ಮಲಗಿದ್ದ!"

"ಮಲಗಿದ್ದ. ಈಗ ನೋಡು. ಅಳಿಸೋವಾಗ ಟೇಪಿನಾಗ ಹಾಡು ಕೇಳಂಗಿಲ್ಲ. ಎಲ್ಲಿ ಮುಗೀತದ ಅಂತ ತಿಳಿಯೋದು ಹೆಂಗ? ಹಾಡನ್ನ ಮನಸಿನ್ಯಾಗ ಹಾಡ್ಕೋತ ಕುಂತಿರಬೇಕು. ಮುಂದಿನ ಹಾಡು ಕೆಡಬಾರದು ಅಂತ ಕಾಳಜಿ ಬ್ಯಾರೆ. ಅಂಥವರು ಎರಡನೇ ಸಲದ ಸಾಲಿಗೆ ಮುಗೀತು ಅಂತ ಕೈ ತೆಗದಾರ. ಮೂರನೇದು ಉಳೀತು. ಅಂಬಣ್ಣಗ ಮೂರನೇದು ಗೊತ್ತಿತ್ತು. ಅದರ ಹಿಂದ ಓಡಿ ಬಂದವನೇ ಅವನು. ಶಬ್ಬೀರಗ ಗೊತ್ತಿತ್ತು. ನಿನಗ ಗೊತ್ತಿತ್ತು. ಹಾಡು ಬಾಯಿಪಾಠ ಇದ್ದು, ಸ್ಟುಡಿಯೋ ಕಾಣದವರು ಯಾರು?"

ಖಂಡೆಪ್ಪ ತಂಗಿಯ ಕಡೆ ತಿರುಗಿದ.

"ಇನ್ನು ಆ ತಟ್ ತಟ್. ನೀ ತಾಳ ಅಂದಿ. ಅಂಬಣ್ಣಾ, ಇದೇನು ಠೇಕಾ?"

ಆಪಾ ಟೇಪು ಹಚ್ಚಿ ಆ ಜಾಗ ಕೇಳಿಸಿದರು. ಅಂಬಣ್ಣ ಕಿವಿಗೊಟ್ಟು ಕೇಳಿದ. "ಅಲ್ರಿ. ಢೋಲಕಿ ಕೈ ಹಿಂಗ ಬರೇ ಒಂದೇ ಪೆಟ್ಟು ಬಡಿಯಂಗಿಲ್ಲ."

"ಮಲ್ಕಮ್ಮ, ನೀ ಮೂರು ಮಕ್ಕಳ ತಾಯಿ. ನೀ ಹೇಳು."

"ಅದು ಕೂಸಿನ ಬೆನ್ನು ತಟ್ಟಿ ಮಲಗಿಸೋ ಕೈ ಆಪಾ. ತೊಡಿ ಮ್ಯಾಲೆ ಕೂಸಿಲ್ಲ. ಬರೇ ತೊಡಿ ತಟ್ಯಾಳ."

ಭೀಮಬಾಯಿ ಅಲುಗಲಿಲ್ಲ. ಕಣ್ಣಲ್ಲಿ ನೀರೂ ಇರಲಿಲ್ಲ.

"ಹೌದು. ನಾನೇ" ಎಂದಳು. "ನನ್ನ ಗೌರವ್ವ ಹೋದಾಗ ಅದರ ಹೆಣದ ಮುಂದ ಕುಂತು ಹಾಡ್ಯಾಡಿ ಅತ್ತೆ. ಆ ಮಾತು ನಂದು, ನನ್ನ ಕೂಸಿಂದು. ಇವ ಬಾಗಿಲಾಗ ನಿಂತು ಕೇಳ್ದ. ಎರಡು ವರ್ಷ ಬಿಟ್ಟು ಅದಕ್ಕ ಢೋಲಕಿ ಕಟ್ಟಿ, ಕ್ಯಾಸೆಟ್ಟಿನ ಮ್ಯಾಲೆ ತನ್ನ ಹೆಸರು ಹಾಕಿ, ಸ್ವಂತ ಹಾಡು ಅಂದ. ಕಾಲು ಹಿಡದೆ. 'ಅಣ್ಣಾ, ಅತ್ತ ಮಾತಿಗೆ ತಾಳ ಹಾಕಬ್ಯಾಡ' ಅಂದೆ. 'ಹೆಣ್ಣಿನ ಅಳು ಗಾಳಿಗೆ ಹೋಗ್ತಿತ್ತು, ನಾ ಉಳಿಸೀನಿ' ಅಂದ."

ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಹಾಡಿ ಅತ್ತ ಮಾತು ಆ ಹೆಣದೊಂದಿಗೇ ಮಣ್ಣಿಗೆ ಹೋಗಬೇಕು. ಅದನ್ನು ಮತ್ತೆ ಯಾರೂ ಎತ್ತುವುದಿಲ್ಲ. ಅತ್ತವಳೂ ಎತ್ತುವುದಿಲ್ಲ.

"ಅಳಿಸಿದ ಮ್ಯಾಲೆ ಒಮ್ಮೆ ಹಚ್ಚಿ ನೋಡಬೇಕಿತ್ತಲ್ಲವ್ವ" ಎಂದರು ಆಪಾ, ಮೆಲ್ಲಗೆ.

"ಮತ್ತ ಕೇಳೋ ಎದಿ ಇರ್ಲಿಲ್ರಿ." ಅವಳು ಅಣ್ಣನ ಎದುರಿಗೆ ಬಂದು ಬಲಗೈ ಚಾಚಿದಳು. "ಭಂಡಾರ ಮುಟ್ಟಿ ಆಣಿ ಮಾಡೀದಿ ಅಲ್ಲ? ಮುರಿ. ನೀ ಮತ್ತ ಹಾಡಿದ್ರ ಎಡಗೈಲೆ ಅಳಸ್ತೀನಿ."

ಖಂಡೆಪ್ಪ ಆ ಕೈಯನ್ನು ನೋಡಿದ. ಬಡಿಗೆ ಬೇಡಲಿಲ್ಲ. ಗೋಡೆಗೆ ಒರಗಿ ಜಾರಿ ಕೂತ. "ತಪ್ಪಾತು ತಂಗಿ. ಆ ಹಾಡು ಬಿಟ್ಟುಬಿಡ್ತೀನಿ. ಅಲ್ಲಿ ಬ್ಯಾರೆ ಹಾಡು ತುಂಬಸ್ತೀನಿ, ಯಾರಿಗೂ ತಿಳಿಯಂಗಿಲ್ಲ."

"ತಿಳೀಬೇಕು" ಎಂದಳು ಭೀಮಬಾಯಿ. ಆ ತಣ್ಣನೆಯ ದನಿಗೆ ಶಬ್ಬೀರನೂ ತಲೆ ತಗ್ಗಿಸಿದ. "ಉಳಿದ ಸಾಲು ನಾನೇ ಅಳಸ್ತೀನಿ. ಆ ಜಾಗ ಹಂಗೇ ಖಾಲಿ ಇರ್ಲಿ. ಏನೂ ತುಂಬಬ್ಯಾಡ. ಕ್ಯಾಸೆಟ್ ಕೆಟ್ಟದ ಅಂತ ಬಂದವರಿಗೆಲ್ಲ ನಿನ್ನ ಬಾಯಿಲೇ ಹೇಳು, ಇಲ್ಲಿ ನನ್ನ ತಂಗಿಯ ಅಳು ಇತ್ತು, ನಾ ಕದ್ದಿದ್ದೆ ಅಂತ. ಇಲ್ಲಂದ್ರ ನಾನೇ ಊರೂರಿಗೆ ಹೋಗಿ ಹೇಳ್ತೀನಿ."

ಖಂಡೆಪ್ಪ ಆಪಾರ ಕಡೆ ದೀನನಾಗಿ ನೋಡಿದ. "ನೀ ಕೈ ಕೇಳಾಕ ಬಂದಿದ್ದಿ. ಅವಳು ಬಾಯಿ ಕೇಳ್ಯಾಳ. ಹಿಸಾಬು ಅವಳದೇ ಸಣ್ಣದಪ್ಪ" ಎಂದರು ಆಪಾ.

ಭೀಮಬಾಯಿ ಆ ಸಾಲಿನ ತನಕ ಓಡಿಸಿ, ಅಳಿಸಲು ಟೇಪಿನ ಎರಡು ಗುಂಡಿ ಕೂಡಿಸಿ ಒತ್ತಿದಳು. ಈ ಸಲ ಅವಳ ಕೈ ತಟ್ಟಲಿಲ್ಲ.

ಆ ಕ್ಯಾಸೆಟ್ ಹಾಗೆಯೇ ಬಂತು, ಅಂಬಣ್ಣನ ಹೆಸರೂ ಸೇರಿ. ಜೋರಾಗಿಯೇ ಹೋಯಿತು. ನಡುವೆ ಹಾಡಿಲ್ಲವೆಂದು ಜಗಳಕ್ಕೆ ಬಂದವರಿಗೆ ಶಬ್ಬೀರ, "ನನಗ ಕೇಳಬ್ಯಾಡ್ರಿ, ಕಮಲಾಪುರದ ಬಸ್ ಹತ್ತ್ರಿ" ಎನ್ನುತ್ತಿದ್ದ. ಬಹಳ ಮಂದಿ ಹತ್ತಿದರು.

ಒಂದು ವರ್ಷದ ಮೇಲೆ ನಾವೂ ಆ ಕಡೆ ಹೋದಾಗ ಕಟ್ಟೆಯ ಮೇಲೆ ಬೀದರಿನ ಯಾರೋ ಇಬ್ಬರು ಕ್ಯಾಸೆಟ್ ಹಿಡಿದು ಕೂತಿದ್ದರು. ಖಂಡೆಪ್ಪ ನೆಲ ನೋಡುತ್ತಾ ಅದೇ ಮಾತನ್ನು ಗೊಣಗುತ್ತಿದ್ದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಗಟ್ಟಿಯಾಗಿ ಹೇಳೋ ಅಣ್ಣಾ" ಎಂದಳು ಭೀಮಬಾಯಿ. "ನನಗ ಕೇಳಸ್ಲಿಲ್ಲ."