ಮರಿ ಡೈನೋಸಾರ್‌ನ ಅಳು

ಹನ್ನೆರಡು ವರ್ಷಗಳ ನಂತರ ಅವನು ನನ್ನ ಸ್ಟುಡಿಯೋಗೆ ಬಂದಾಗ, ನಾನು ಗಂಡಸಿನ ಬೂಟು ತೊಟ್ಟು ಮರಳಿನ ತೊಟ್ಟಿಯಲ್ಲಿ ನಿಂತಿದ್ದೆ. ಸಿನಿಮಾಗಳಿಗೆ ಸದ್ದು ಮಾಡಿಕೊಡುವುದು ನನ್ನ ಕೆಲಸ. ನಾಯಕ ಓಡಿದರೆ ಹೆಜ್ಜೆ ನನ್ನದು. ಖಳನಾಯಕನ ಮೂಳೆ ಮುರಿದರೆ, ಮುರಿದದ್ದು ನನ್ನ ಕೈಯ ಕ್ಯಾರೆಟ್. ಅವತ್ತು ಒಂದು ಪ್ರೇಮಕಥೆಯ ಕೊನೆಯ ರೀಲು. ನಾಯಕಿಯನ್ನು ಬಿಟ್ಟುಹೋದ ನಾಯಕ ಮರಳಿನ ಮೇಲೆ ಓಡಿ ವಾಪಸ್ ಬರಬೇಕಿತ್ತು.

"ಈಗ್ಲೂ ಎರಡು ಸೈಜ್ ದೊಡ್ಡ ಬೂಟೇ ಹಾಕ್ತೀಯಾ?" ಎಂದ.

"ಬನ್ನಿ ಪಂಡಿತರೇ, ಕೂತ್ಕೊಳ್ಳಿ."

"ಬನ್ನಿಯಂತೆ, ಕೂತ್ಕೊಳ್ಳಿಯಂತೆ! ನಾನೇನು ನಿನ್ನ ಸೋದರಮಾವನಾ?"

ನಕ್ಕರೆ ಅವನಿಗೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಅದನ್ನು ಮರೆತಿದ್ದೇನೆ ಅಂದುಕೊಂಡಿದ್ದೆ. ಕಿವಿಯ ಪಕ್ಕ ಕೂದಲು ನರೆತಿತ್ತು. ಹಾಳಾದ್ದು, ಅದೂ ಅವನಿಗೆ ಒಪ್ಪುತ್ತಿತ್ತು.

ಅವನು ಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಾನೆ, ಅದಕ್ಕೇ ನನ್ನ ಬಾಯಲ್ಲಿ 'ಪಂಡಿತರು'. ಪ್ರತಿ ವಿಮರ್ಶೆಯ ಕೊನೆಗೆ ಎರಡು ಪಟ್ಟಿ: ಮೆಚ್ಚಿದ್ದು, ಮೆಚ್ಚದ್ದು. ಆ ಚಟವನ್ನು ಅವನು ನನ್ನ ವಿಷಯದಲ್ಲೂ ಬಿಟ್ಟಿರಲಿಲ್ಲ. "ಮೆಚ್ಚಿದ್ದು, ನಿನ್ನ ನಗು. ಮೆಚ್ಚದ್ದು, ಏಳು ಗಂಟೆಯಾದ್ರೆ ಮನೆಗೆ ಓಡೋದು," ಎಂದು ಬಸ್ ಸ್ಟಾಪಿನಲ್ಲಿ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದ. ಆಗ ನನಗೆ ಎರಡೂ ಪಟ್ಟಿ ಇಷ್ಟವಾಗುತ್ತಿದ್ದವು.

ಆ ವರ್ಷ ನಾನು ಒಂದು ದೊಡ್ಡ ಡೈನೋಸಾರ್ ಸಿನಿಮಾಕ್ಕೆ ಕೆಲಸ ಮಾಡುತ್ತಿದ್ದೆ. ಅದರಲ್ಲಿ ಮೊಟ್ಟೆಯೊಡೆದು ಬಂದ ಮರಿಯೊಂದು ತಾಯಿಯನ್ನು ಕಾಣದೆ ಅಳುತ್ತದೆ. ಮೂರು ದಿನ ಬಲೂನು ಉಜ್ಜಿದೆ, ಪೀಪಿ ಊದಿದೆ, ಬಾಗಿಲ ತಿರುಗಣಿಯನ್ನೂ ಕಿರುಗುಟ್ಟಿಸಿದೆ. ಯಾವುದೂ ಸರಿಹೋಗಲಿಲ್ಲ. ನಾಲ್ಕನೆಯ ದಿನ ಅವನು ನಮ್ಮ ಮನೆಗೆ ಬಂದು ಮದುವೆಯ ಮಾತಾಡಬೇಕಿತ್ತು. ಅಣ್ಣ ಕೆಲಸಕ್ಕೆ ರಜೆ ಹಾಕಿದ್ದ. ಅಮ್ಮ ಒಂದೇ ಕುರ್ಚಿಯನ್ನು ನಾಲ್ಕು ಸಲ ಒರೆಸಿದ್ದಳು.

ಅವನು ಬರಲಿಲ್ಲ. ಮಧ್ಯಾಹ್ನ ಫೋನ್ ಮಾಡಿ, "ಇನ್ನೊಂದ್ಸಲ ಯೋಚನೆ ಮಾಡೋಣ ಅನ್ಸುತ್ತೆ," ಎಂದ.

ಅಮ್ಮನ ಮುಖ ನೋಡಲಾಗದೆ ಸ್ಟುಡಿಯೋಗೆ ಬಂದು, ಮೈಕಿನ ಮುಂದೆ ಕುಸಿದು ಅತ್ತೆ. ಗಾಜಿನಾಚೆ ಕೂತಿದ್ದ ರೆಕಾರ್ಡಿಸ್ಟ್ ಅಂಕಲ್ ಯಂತ್ರ ನಿಲ್ಲಿಸಿರಲಿಲ್ಲ. "ಬೇಡ ಅಂದ್ರೆ ಅಳಿಸ್ಬಿಡ್ತೀನಿ ಮಗಳೇ," ಎಂದರು. "ಇರಲಿ ಅಂಕಲ್," ಎಂದೆ. ಆ ಅಳುವಿನ ವೇಗವನ್ನು ಸ್ವಲ್ಪ ಹೆಚ್ಚಿಸಿದಾಗ ಅದು ಮರಿಯ ಅಳುವಾಯಿತು.

ಸಿನಿಮಾ ನೋಡಿದ ಊರಿಗೆ ಊರೇ ಕಣ್ಣೊರೆಸಿಕೊಂಡಿತು. ಪಂಡಿತರು ಮಾತ್ರ ಮೆಚ್ಚದ್ದರ ಪಟ್ಟಿಯಲ್ಲಿ ಬರೆದರು: "ಮರಿಯ ಅಳು ಕೃತಕ. ರಬ್ಬರ್ ಆಟಿಕೆ ಹಿಚುಕಿದಂತಿದೆ." ಆಮೇಲೆ ನಾನು ಅವನ ಫೋನ್ ಎತ್ತಲಿಲ್ಲ.

ಈಗ ಅದೇ ಸಿನಿಮಾ ಹೊಸ ರೂಪದಲ್ಲಿ, ರೀಬೂಟ್ ಆಗಿ ಬಂದಿದೆ. ಸದ್ದು ಮತ್ತೆ ನನ್ನದೇ. ಬೆಳಿಗ್ಗೆ ಪತ್ರಕರ್ತರಿಗೆ ಶೋ ಇತ್ತು. ಅವನು ಅಲ್ಲಿಂದ ನೆಟ್ಟಗೆ ಇಲ್ಲಿಗೆ ಬಂದಿದ್ದ, ಕೈಯಲ್ಲಿ ವಿಮರ್ಶೆ.

"ಓದ್ಲಾ?"

"ಬೇಡ ಅಂದ್ರೆ ಬಿಡ್ತೀರಾ?"

ಅವನು ಓದಿದ. "ಮೆಚ್ಚದ್ದು: ಹತ್ತು ನಿಮಿಷಕ್ಕೊಮ್ಮೆ ಹಳೆಯ ಜೀಪು, ಹಳೆಯ ಗೇಟು ತೋರಿಸಿ 'ನೆನಪಿದೆಯಾ?' ಎಂದು ಪೀಡಿಸುತ್ತದೆ. ಡೈನೋಸಾರ್ ದೊಡ್ಡದಾಗಿದೆ, ಹೆದರಿಕೆ ಚಿಕ್ಕದಾಗಿದೆ. ಹೊಸ ಜೋಡಿಗೆ ಓಡುವುದು ಬಿಟ್ಟರೆ ಬೇರೆ ಬದುಕೇ ಇಲ್ಲ. ಮೆಚ್ಚಿದ್ದು: ಮಂಜಿನೊಳಗಿಂದ ಮೊದಲು ಬರೀ ಕಾಲು ಕಾಣುವ ದೃಶ್ಯ. ಹಳೆಯ ನಾಯಕಿ ಬಿಳಿ ಕೂದಲಲ್ಲಿ ಸುಮ್ಮನೆ ನಿಲ್ಲುವ ಗಳಿಗೆ."

ಎಲ್ಲವೂ ಸರಿಯಾಗಿತ್ತು. ಸಿನಿಮಾ ವಿಷಯದಲ್ಲಿ ಅವನು ತಪ್ಪುವುದು ಕಡಿಮೆ. ಅದೇ ನನ್ನ ಗ್ರಹಚಾರ.

ಅವನು ಹಾಳೆ ಕೆಳಗಿಟ್ಟ. "ಇನ್ನೊಂದಿದೆ. ಮರಿಯ ಅಳು."

ನಾನು ಬೂಟಿನ ಲೇಸು ಬಿಚ್ಚತೊಡಗಿದೆ.

"ಹೋದ ವರ್ಷ ರೆಕಾರ್ಡಿಸ್ಟ್ ಅಂಕಲ್ ಸಿಕ್ಕಿದ್ರು, ಎಲ್ಲಾ ಹೇಳಿದ್ರು. ನಿನ್ನ ಮುಂದೆ ಬರೋಕೆ ಮುಖ ಇರ್ಲಿಲ್ಲ. ಇವತ್ತು ಹಾಲ್‌ನಲ್ಲಿ ಅದೇ ಅಳು ಮತ್ತೆ ಕೇಳಿಸ್ತು. ನೀನೇ ಅಂತ ಗೊತ್ತಾಗೋಯ್ತು ಕಣೇ. ಮನುಷ್ಯರು ನಿಜವಾಗಿ ಅತ್ತಿದ್ದನ್ನ ಯಾವ ಯಂತ್ರಾನೂ ಮಾಡೋಕಾಗಲ್ಲ ಅಂತ ಬರೆದಿದ್ದೀನಿ. ನಾನೂ ಅತ್ಬಿಟ್ಟೆ."

ಅವನು ನನ್ನ ಕೈ ಹಿಡಿದ. "ಮತ್ತೆ ಶುರು ಮಾಡೋಣ್ವಾ? ಈ ಸಲ ಅಮ್ಮನ ಹತ್ರ ನಾನೇ ಬಂದು ಮಾತಾಡ್ತೀನಿ."

"ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು."

ಅವನು ಕೈ ಬಿಡಲಿಲ್ಲ. ನನಗೆ ಆ ಕೈ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಇಷ್ಟು ವರ್ಷ ಆ ಒಂದು ಮಾತಿಗೇ ಕಿವಿ ಕೊಟ್ಟು ಕೂತಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಆ ಹಾಳೆ ಮೇಜಿನ ಮೇಲಿತ್ತು. ಅದರ ಮೇಲೆ ಸಂಸಾರ ಹೂಡಿದರೆ ದಿನಾ ಬೆಳಿಗ್ಗೆ ಅವನ ಮುಖ ನೋಡಿ ನಾನು ಸುಳ್ಳು ಹೇಳಬೇಕಿತ್ತು.

ಕೈ ಬಿಡಿಸಿಕೊಂಡೆ. ಡ್ರಾಯರ್‌ನಿಂದ ಪಾತ್ರೆ ತೊಳೆಯುವ ಹಳದಿ ರಬ್ಬರ್ ಗ್ಲೌಸ್ ತೆಗೆದು ನೀರಲ್ಲಿ ಅದ್ದಿದೆ. ಗಾಜಿನ ಬಟ್ಟಲಿನ ಅಂಚಿಗೆ ಮೆಲ್ಲಗೆ ಉಜ್ಜಿದೆ.

ಮರಿ ಅತ್ತಿತು.

ಅವನ ಮುಖದ ಬಣ್ಣ ಇಳಿಯಿತು. "ಹಾಗಾದ್ರೆ ಹಳೇ ಟೇಪು?"

"ಅದೇ ಬೇಕು, ಜನಕ್ಕೆ ನೆನಪಿದೆ ಅಂತ ಡೈರೆಕ್ಟರ್ ಹಟ ಹಿಡಿದ್ರು. ಬೂಸ್ಟು ಹಿಡಿದು ಹಾಳಾಗಿದೆ ಅಂದೆ. ಬೀರುವಿನಲ್ಲಿ ಅಮ್ಮನ ಬಟ್ಟೆಗಳ ಕೆಳಗಿದೆ, ಚೆನ್ನಾಗೇ ಇದೆ. ಅದನ್ನ ಎರಡನೇ ಸಲ ಊರಿಗೆ ಕೇಳಿಸೋಕೆ ಮನಸ್ಸಾಗ್ಲಿಲ್ಲ."

"ಆದ್ರೆ ನಂಗೆ ನಿಜ ಅನ್ನಿಸ್ತು…"

"ಅವತ್ತು ನಿಜವಾಗಿದ್ದು ನಿಂಗೆ ರಬ್ಬರ್ ಅನ್ನಿಸಿತ್ತು."

ಬಾಯಿ ತಪ್ಪಿ 'ನಿಂಗೆ' ಬಂದುಬಿಟ್ಟಿತ್ತು. ಅವನು ಅದನ್ನು ಗಮನಿಸಲೂ ಇಲ್ಲ. ಹಾಳೆಯನ್ನು ಎತ್ತಿಕೊಂಡು ಮರಿಯ ಅಳುವಿನ ಸಾಲಿನ ಮೇಲೆ ಬೆರಳಿಟ್ಟ.

"ಇದನ್ನ ತೆಗೆದುಹಾಕ್ಲಾ?"

ಅಷ್ಟೆಲ್ಲ ಆದಮೇಲೆ ಅವನು ನನ್ನನ್ನು ಕೇಳಿದ್ದು ಅದೊಂದನ್ನೇ.

"ಬೇಡ. ಗ್ಲೌಸಿಗಾದ್ರೂ ಒಳ್ಳೇ ಹೆಸರು ಬರ್ಲಿ."

ಅವನು ಹೊರಟ. ಹೆಜ್ಜೆ ಕೇಳುವುದು ನನ್ನ ಹೊಟ್ಟೆಪಾಡು, ಬೇಡವೆಂದರೂ ಕಿವಿ ಹಿಂದೆಯೇ ಹೋಯಿತು. ಮೂರನೇ ಮೆಟ್ಟಿಲಲ್ಲಿ ಅವನು ನಿಂತ. ಆಮೇಲೆ ನಾಲ್ಕನೆಯದು, ಐದನೆಯದು. ಕೆಳಗಿನ ಬಾಗಿಲು ಮುಚ್ಚಿಕೊಂಡಿತು.

ಬೂಟು ಮತ್ತೆ ಬಿಗಿದುಕೊಂಡು ಮರಳಿಗಿಳಿದೆ. ಪರದೆಯ ಮೇಲೆ ನಾಯಕ ಓಡಿ ವಾಪಸ್ ಬರುತ್ತಿದ್ದ. ಅವನ ಹೆಜ್ಜೆಗಳನ್ನೂ ನಾನೇ ಹಾಕಿದೆ.